ಹಾಡಿಯೇನು ನಿಮ್ಮ ಹಾಜರಿ ಪುಸ್ತಕವೇ?

ಮಾನಂದವಾಡಿ ರಸ್ತೆಯಲ್ಲಿ ಹಂಪಾಪುರ ದಾಟಿ ಹೆಗ್ಗಡದೇವನಕೋಟೆ ಕಡೆಗೆ ಹೋಗುವ ಆ ಮಿನಿ ಬಸ್ಸುಗಳು ನಮಗೆ ಹೊಸವಲ್ಲ. ಮುಂದೆ ಬ್ಯಾನರ್. ಒಳಗೆ ಎಂಎಸ್‌ಡಬ್ಲ್ಯೂ ಎಂಬ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವ ಹುಡುಗ ಹುಡುಗಿಯರು. ಬ್ಯಾನರಿನ ಮೇಲೆ ‘ಸಮಾಜಕಾರ್ಯ ಗ್ರಾಮೀಣ ಶಿಬಿರ’ ಎಂಬ ದಪ್ಪಕ್ಷರ. ಅದರ ಸುತ್ತ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಘನ ಉಪಸ್ಥಿತರು. ಶಿಬಿರ ನಡೆಯುವ ಆದಿವಾಸಿ ಹಾಡಿಯವರದೊಂದು ಮುಖ? ಹುಡುಕಬೇಡಿ. ಇರುವುದಿಲ್ಲ.

ಏಳು ದಿನದ ಶಿಬಿರ. ಒಂದು ದಿನ ಉದ್ಘಾಟನೆ. ಒಂದು ದಿನ ಚರಂಡಿ ಬಳಿಯುವುದು. ಒಂದು ದಿನ ಜಾಥಾ. ಒಂದು ದಿನ ಕುಡಿತ ಬಿಡಿ ಎಂದು ಬೀದಿನಾಟಕ. ಎರಡು ದಿನ ಸರ್ವೆ. ಕೊನೆಯ ದಿನ ಸಮಾರೋಪ, ಶಾಲು, ಹಾರ, ಗ್ರೂಪ್ ಫೋಟೊ. ಎಂಟನೇ ದಿನ? ಎಂಟನೇ ದಿನ ಆ ಹಾಡಿಯಲ್ಲಿ ಯಾರಿರುತ್ತಾರೆ? ತುಂಬಿಸಿಕೊಂಡು ಹೋದ ಸರ್ವೆ ಫಾರ್ಮುಗಳು ಎಲ್ಲಿರುತ್ತವೆ? ಅದರಲ್ಲಿ ಬರೆದುಕೊಂಡ ಹಸಿವು, ಸಾಲ, ಶಾಲೆ ಬಿಟ್ಟ ಮಕ್ಕಳ ಲೆಕ್ಕ ಯಾವ ಕಚೇರಿಯ ಮೇಜು ತಲುಪಿತು? ತಲುಪಿದ್ದನ್ನು ಕಂಡವರಿದ್ದರೆ ಕೈ ಎತ್ತಿ.

‘ಬತ್ತೀರಿ, ಬರ್ಕತೀರಿ, ಓಯ್ತೀರಿ. ನಮ್ಗೇನ್ ಬಂತು?’ ಜೇನುಕುರುಬರ ಹಾಡಿಗಳಲ್ಲಿ ಹೆಂಗಸರು ಮುಖಕ್ಕೆ ಹೊಡೆದ ಹಾಗೆ ಕೇಳುವ ಮಾತಿದು. ಉತ್ತರ ಕೊಡುವವರು ಯಾರು? ವಿದ್ಯಾರ್ಥಿ ತಲೆ ತಗ್ಗಿಸುತ್ತಾನೆ. ಮೇಷ್ಟ್ರು ಬಸ್ಸಿನಲ್ಲಿ ಕೂತಿರುತ್ತಾರೆ. ಕಾಲೇಜಿನ ಆಡಳಿತ ಮಂಡಳಿ ಮೈಸೂರಿನಲ್ಲಿರುತ್ತದೆ.

ಸಿಟ್ಟು ಆ ಹುಡುಗರ ಮೇಲಲ್ಲ. ಅವರು ನಮ್ಮ ಮಕ್ಕಳೇ. ಹುಣಸೂರಿನ ಹೊಗೆಸೊಪ್ಪಿನವರ ಮಕ್ಕಳು. ಪಿರಿಯಾಪಟ್ಟಣದ ಕೂಲಿಯವರ ಮಕ್ಕಳು. ಕೆ.ಆರ್. ನಗರದ ಗದ್ದೆ ಬಯಲಿನವರು, ಕೋಟೆಯ ಹತ್ತಿ ಹೊಲದವರು. ಮನೆಯಲ್ಲಿ ಮೊದಲ ಸಲ ಪದವಿಯಾಚೆಗೆ ಕಾಲಿಟ್ಟವರು. ಕಾಲೇಜಿನವರೇ, ಜನರಿಗೆ ಆಸರೆಯಾಗುವ ಕೆಲಸ ಕಲಿಸುತ್ತೇವೆ ಎಂದು ಅವರಿಂದ ಫೀಸು ಕಟ್ಟಿಸಿಕೊಂಡಿರಿ. ಕಲಿಸಿದಿರಾ?

ಕಲಿಸಲಿಲ್ಲ. ಕಲಿಕೆಯ ಜೀವವನ್ನೇ ಹಿಸುಕಿ ಹಾಕಿದಿರಿ.

ಸಮಾಜಕಾರ್ಯ ಗೋಡೆಗಳ ನಡುವೆ ಕೂತು ಕಲಿಯುವ ವಿದ್ಯೆಯಲ್ಲ. 1898ರಲ್ಲಿ ನ್ಯೂಯಾರ್ಕಿನ ಒಂದು ದತ್ತಿ ಸಂಘ ಆರು ವಾರದ ಬೇಸಿಗೆ ತರಗತಿ ಶುರು ಮಾಡಿತು. ಬಡವರ ಮನೆಬಾಗಿಲಿಗೆ ಹೋಗುವವರಿಗೆ ಒಳ್ಳೆಯ ಮನಸ್ಸಿದ್ದರೆ ಸಾಲದು, ತರಬೇತಿ ಬೇಕು ಎಂಬ ಅರಿವು ಅವರಿಗೆ ಆಗಲೇ ಬಂದಿತ್ತು. ನಮ್ಮ ದೇಶದಲ್ಲಿ 1936ರಲ್ಲಿ ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಹುಟ್ಟಿತು. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅದಕ್ಕೆ ಹತ್ತು ವರ್ಷ ಮೊದಲೇ ನಾಗಪಾಡಾದ ಬಡವರ ನಡುವೆ ಕೇಂದ್ರ ತೆರೆದು ಕೆಲಸ ಮಾಡಿದ್ದವರು. ಕರ್ನಾಟಕಕ್ಕೆ ಬಂದರೆ, 1960ರಲ್ಲಿ ಮಂಗಳೂರಿನ ರೋಶನಿ ನಿಲಯ. ಎಲ್ಲ ಕಡೆಯೂ ಬೀದಿ ಮೊದಲು, ತರಗತಿ ಆಮೇಲೆ.

ಅದಕ್ಕೇ ಈ ಓದಿನಲ್ಲಿ ಕ್ಷೇತ್ರಕಾರ್ಯ ಇಟ್ಟರು. ವಾರಕ್ಕೆ ಎರಡು ದಿನ ಜನರ ನಡುವೆ. ಹೋಗಿ ಬಂದದ್ದನ್ನು ವರದಿ ಬರೆಯಬೇಕು. ಮೇಲ್ವಿಚಾರಕರು ಆ ವರದಿ ಓದಬೇಕು. ವಾರಕ್ಕೊಮ್ಮೆ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು: ಆ ತಾಯಿಗೆ ಈ ಪ್ರಶ್ನೆ ಯಾಕೆ ಕೇಳಿದೆ? ಅವಳು ಸುಮ್ಮನಾದಾಗ ನೀನು ಏನು ಮಾಡಿದೆ? ‘ಇವರು ಸೋಮಾರಿಗಳು’ ಎಂದು ಬರೆದಿದ್ದೀಯಲ್ಲ, ಅದು ನೀನು ಕಂಡದ್ದೋ, ಬಸ್ಸಿನಲ್ಲಿ ಯಾರೋ ಆಡಿದ್ದೋ? ಗಂಡನ ಎದುರಿಗೆ ಹೆಂಡತಿಯ ಗುಟ್ಟು ಕೇಳಿದೆಯಲ್ಲ, ರಾತ್ರಿ ಅವಳ ಗತಿ ಏನಾಯಿತು ಗೊತ್ತೆ? ಹೀಗೆ ತಿದ್ದಿ ತೀಡಿ ಎರಡು ವರ್ಷ ಕಳೆದರೆ ಒಬ್ಬ ಸಮಾಜಕಾರ್ಯಕರ್ತ ತಯಾರಾಗುತ್ತಾನೆ.

ನಮ್ಮ ಕಡೆ ಬ್ಯಾರನ್ನಿಗೆ ಹೊಗೆಸೊಪ್ಪು ಏರಿಸಿದವನು ಮನೆಗೆ ಹೋಗಿ ಮಲಗುವುದಿಲ್ಲ. ಹಗಲು ರಾತ್ರಿ ಉರಿ ಕಾಯುತ್ತಾನೆ. ಉರಿ ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜು ಕಟ್ಟೆಯಲ್ಲಿ ರೇಟು ಬೀಳುತ್ತದೆ ಎಂಬುದು ಅವನಿಗೆ ಗೊತ್ತು. ಸೊಪ್ಪಿಗೆ ಅಷ್ಟು ಕಾವಲು. ಮನುಷ್ಯರ ಬದುಕಿಗೆ ಕೈಹಾಕುವವರನ್ನು ಹದ ಮಾಡುವಲ್ಲಿ ಕಾವಲಿಗೆ ಯಾರಿದ್ದಾರೆ?

ಇರುವುದು ಸಹಿ ಮಾತ್ರ.

ಈಗ ಕ್ಷೇತ್ರಕಾರ್ಯ ಎಂದರೆ ಏನು? ಸಂಸ್ಥೆಗೆ ಹೋಗು, ಸಹಿ ಹಾಕಿಸಿಕೊಂಡು ಬಾ. ಹೋಗದಿದ್ದರೂ ಹಾಕಿಸಿಕೊಂಡು ಬಾ. ತಿಂಗಳ ಸಹಿ ಒಂದೇ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು. ಹೋದ ವರ್ಷದ ಸೀನಿಯರ್ ವರದಿ ತಾ, ತಾರೀಖು ಬದಲಿಸು. ಹಾಡಿಯ ಹೆಸರು ಬದಲಿಸು. ಕಿರುಪ್ರಬಂಧ ಬೇಕೆ? ಡಿಟಿಪಿ ಅಂಗಡಿಗೆ ಹೋಗು. ಬೈಂಡಿಂಗ್ ಸೇರಿ ರೇಟು ಹೇಳುತ್ತಾರೆ. ‘ಜೇನುಕುರುಬರ ಸಾಮಾಜಿಕ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’. ಜೇನುಕುರುಬರನ್ನೇ ಕಾಣದೆ ಅಧ್ಯಯನ! ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ರಟ್ಟು ತಿರುವಿ ನೋಡುತ್ತಾರೆ. ಊಟ ತಣ್ಣಗಾಗುತ್ತದೆ ಎಂದು ಏಳುತ್ತಾರೆ. ಫಸ್ಟ್ ಕ್ಲಾಸ್.

ಇದು ಎಲ್ಲರಿಗೂ ಗೊತ್ತಿಲ್ಲವೆ? ವಿಭಾಗದವರಿಗೆ ಗೊತ್ತು. ಪ್ರಾಂಶುಪಾಲರಿಗೆ ಗೊತ್ತು. ಸಂಯೋಜನೆ ಕೊಡಲು ಬರುವ ಸ್ಥಳೀಯ ವಿಚಾರಣಾ ಸಮಿತಿಗೆ ಗೊತ್ತು. ಅವರು ಕಟ್ಟಡ ಅಳೆಯುತ್ತಾರೆ, ಲೈಬ್ರರಿಯ ಪುಸ್ತಕ ಎಣಿಸುತ್ತಾರೆ, ಕಂಪ್ಯೂಟರು ಎಣಿಸುತ್ತಾರೆ. ನಿಮ್ಮ ವಿದ್ಯಾರ್ಥಿ ಕೆಲಸ ಮಾಡಿದ ಒಂದೇ ಒಂದು ಮನೆ ತೋರಿಸಿ ಎಂದು ಯಾವತ್ತಾದರೂ ಕೇಳಿದ್ದಾರೆಯೇ?

ಮೇಷ್ಟ್ರುಗಳನ್ನೂ ನೋಡಿ. ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ. ಅತಿಥಿ ಉಪನ್ಯಾಸಕರ ತಲೆ ಮೇಲೆ ಇಡೀ ವಿಭಾಗ. ಮುಂದಿನ ವರ್ಷ ತನ್ನ ಕೆಲಸವೇ ಇರುತ್ತದೋ ಇಲ್ಲವೋ ಎಂದು ಅರಿಯದ ಆ ಬಡಪಾಯಿ, ಬಸ್ ಚಾರ್ಜೂ ಕೊಡದ ಕಾಲೇಜಿಗಾಗಿ ಮೈಸೂರಿನಿಂದ ಡಿ.ಬಿ. ಕುಪ್ಪೆಯವರೆಗೆ ಹೋಗಿ ವಿದ್ಯಾರ್ಥಿಯ ಕೆಲಸ ನೋಡಿ ಬರಬೇಕೆ? ಹೋಗಲಿಲ್ಲ ಎಂದು ಅವನನ್ನು ಬೈಯುವುದು ಸುಲಭ. ಅವನನ್ನು ಆ ಸ್ಥಿತಿಯಲ್ಲಿ ಇಟ್ಟವರನ್ನು ಬೈಯಲು ಯಾಕೆ ಬಾಯಿ ಬರುವುದಿಲ್ಲ? ಮೊನ್ನೆ ಮೊನ್ನೆ ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂದು ಡೋಲು ಬಡಿದರು. 2025ರಲ್ಲಿ ದುಡ್ಡಿಲ್ಲ ಎಂದು ಅವುಗಳಲ್ಲಿ ಒಂಬತ್ತಕ್ಕೆ ಬಾಗಿಲು ಹಾಕುವ ಮಾತು ತೆಗೆದರು. ನಮ್ಮ ಸುತ್ತಲಿನ ಮಂಡ್ಯ, ಚಾಮರಾಜನಗರ, ಕೊಡಗು ಮೂರೂ ಆ ಪಟ್ಟಿಯಲ್ಲಿದ್ದವು. ಹೀಗೆ ತೆರೆದು ಹಾಗೆ ಮುಚ್ಚಲು ಹೊರಡುವವರಿಗೆ ಹಾಡಿಯವರೆಗೆ ಹೋಗಿ ಬರುವ ಮೇಷ್ಟ್ರು ಕಣ್ಣಿಗೆ ಬೀಳುತ್ತಾರೆಯೇ?

ಹೋದರೆ ಹೋಗಲಿ, ಕ್ಷೇತ್ರಕಾರ್ಯ ಸರಿಯಾಗದಿದ್ದರೆ ಯಾರ ಗಂಟು ಹೋಯಿತು ಎನ್ನುತ್ತೀರಾ? ಹೇಳುತ್ತೇವೆ, ಕೇಳಿ.

2006ರ ಅರಣ್ಯ ಹಕ್ಕು ಕಾಯ್ದೆ ಗೊತ್ತಲ್ಲ? ಕಾಡಿನೊಳಗಿನ ಭೂಮಿಯ ಹಕ್ಕು ಕೇಳಲು ಅರ್ಜಿ ಹಾಕಬೇಕು. ಸಾಕ್ಷ್ಯ ಬೇಕು. ಆದರೆ ಸಾಕ್ಷ್ಯ ಎಂದರೆ ಬರೀ ಕಾಗದವಲ್ಲ. ಹಿರಿಯರ ಹೇಳಿಕೆ ಸಾಕ್ಷ್ಯ. ಹೂತ ಜಾಗ ಸಾಕ್ಷ್ಯ. ದೇವರ ಜಾಗ, ಹಳೆಯ ಬಾವಿ ಸಾಕ್ಷ್ಯ. ನಿಯಮದಲ್ಲೇ ಬರೆದಿದೆ. ತರಬೇತಿ ಪಡೆದ ಸಮಾಜಕಾರ್ಯಕರ್ತೆ ಏನು ಮಾಡುತ್ತಾಳೆ? ಅಜ್ಜನ ಜೊತೆ ಕೂರುತ್ತಾಳೆ. ಅವನ ಅಪ್ಪನನ್ನು ಎಲ್ಲಿ ಹೂತರು, ಯಾವ ಮರದ ಬುಡದಲ್ಲಿ ಪೂಜೆ, ಯಾವ ವರ್ಷ ಒಕ್ಕಲೆಬ್ಬಿಸಿದರು ಎಂದು ದಿನಗಟ್ಟಲೆ ಕೇಳಿ ಬರೆದುಕೊಳ್ಳುತ್ತಾಳೆ. ಗ್ರಾಮಸಭೆಯಲ್ಲಿ ಓದಿಸುತ್ತಾಳೆ. ತರಬೇತಿ ಇಲ್ಲದವನು ಬಂದರೆ? ‘ದಾಖಲೆ ಇದೆಯಾ?’ ಎನ್ನುತ್ತಾನೆ. ಇಲ್ಲ ಎಂದರೆ ‘ದಾಖಲೆ ಇಲ್ಲ’ ಎಂದು ಬರೆದು ಹೋಗುತ್ತಾನೆ. ಒಂದು ಸಾಲು. ಒಂದು ತಲೆಮಾರಿನ ನೆಲ ಹೋಯಿತು. ಹುಣಸೂರಿನ ಉಪವಿಭಾಗದಲ್ಲಿ ಅರ್ಜಿ ಬಿದ್ದುಹೋದರೆ ಮೇಲಿನ ಸಮಿತಿಗೆ ಹೋಗಲು ಅರವತ್ತು ದಿನದ ಗಡುವಿದೆ ಎಂದು ಹೇಳುವವರೂ ಇಲ್ಲದೆ ಆ ಅರವತ್ತು ದಿನವೂ ಕಳೆದುಹೋಗುತ್ತದೆ.

ಇಲ್ಲಿಯ ಜನ ಎಷ್ಟು ಸಲ ಕಿತ್ತುಹಾಕಿಸಿಕೊಂಡವರು ಗೊತ್ತೆ? 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿಯಿತು, ಊರುಗಳು ನೀರಿಗೆ ಹೋದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಹಾಡಿಗಳು ಕಾಡಿನಿಂದ ಹೊರಬಿದ್ದವು. ಹೈಕೋರ್ಟ್ ಆದೇಶದಂತೆ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಲೆಕ್ಕ ಹಾಕಿ 2014ರಲ್ಲಿ ವರದಿ ಕೊಟ್ಟಿತು: ಕಾಡಿನಿಂದ ಹೊರಬಿದ್ದದ್ದು 3,418 ಕುಟುಂಬ. ಸಂಖ್ಯೆ ಅಲ್ಲ ಅದು, ಒಲೆಗಳು. ಅಷ್ಟು ಒಲೆಗಳ ಲೆಕ್ಕ ಹುಡುಕಲು ನ್ಯಾಯಾಲಯ ಸಮಿತಿ ಮಾಡಬೇಕಾಯಿತು. ಅಷ್ಟೂ ವರ್ಷ ಹಾಡಿಗಳಿಗೆ ಹೋಗಿ ಸರ್ವೆ ಮಾಡಿದ ವಿಭಾಗಗಳ ಕಪಾಟಿನಲ್ಲಿ ಏನಿತ್ತು? ಹೆಗ್ಗಡದೇವನಕೋಟೆಯ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಹಾಡಿಗೊಬ್ಬ ತರಬೇತಾದ ಸಮಾಜಕಾರ್ಯಕರ್ತ ಬೇಕು ಎಂಬ ಮಾತು ವಿಧಾನಸೌಧದ ಒಳಗೆ ಎಷ್ಟು ಸಲ ಗಟ್ಟಿಯಾಗಿ ಕೇಳಿಸಿತು?

ಮಕ್ಕಳ ವಿಷಯಕ್ಕೆ ಬನ್ನಿ. ಕಾಫಿ ಕೊಯ್ಲು ಬಂತೆಂದರೆ ಹಾಡಿಗೆ ಹಾಡಿಯೇ ಕೊಡಗಿನ ಲೈನ್ ಮನೆಗೆ ಗುಳೆ ಹೋಗುತ್ತದೆ. ಆಶ್ರಮ ಶಾಲೆಯ ಹಾಜರಿಯಲ್ಲಿ ಮಗು ‘ಗೈರು’. ಆಮೇಲೆ ‘ದೀರ್ಘ ಗೈರು’. ಆಮೇಲೆ ಹೆಸರೇ ಇಲ್ಲ. ಆ ಮಗುವಿನ ಹಿಂದೆ ಹೋಗಿ, ತೋಟದ ರೈಟರ್ ಹತ್ತಿರ ಮಾತಾಡಿ, ಅಪ್ಪ ಪಡೆದ ಮುಂಗಡ ಎಷ್ಟೆಂದು ತಿಳಿದು, ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟು, ಮಗುವನ್ನು ಮತ್ತೆ ತರಗತಿಗೆ ತರುವ ಕೆಲಸಕ್ಕೆ ಸಮಾಜಕಾರ್ಯದ ಪಠ್ಯದಲ್ಲಿ ಇಡೀ ಒಂದು ಪತ್ರಿಕೆಯೇ ಇದೆ. ಮಾಡಿ ಕಲಿತವರೆಷ್ಟು?

ದೌರ್ಜನ್ಯಕ್ಕೆ ಒಳಗಾದ ಹುಡುಗಿಯ ಮಾತು ಇನ್ನೂ ಕಹಿ. ಅವಳ ಗುರುತು ಬಯಲಾಗಬಾರದೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ. ನಿಮ್ಮ ಲೈಬ್ರರಿಗಳ ರಟ್ಟಿನ ಪ್ರಬಂಧಗಳನ್ನು ತೆಗೆದು ನೋಡಿ. ಹೆಸರು, ಊರು, ಅಪ್ಪನ ಹೆಸರು ಅಚ್ಚಾಗಿ ಕೂತಿಲ್ಲ ಎಂದು ಎದೆ ಮುಟ್ಟಿ ಹೇಳಿ. ಒಂದು ಸಲ ಪೊಲೀಸ್ ಠಾಣೆಯಲ್ಲಿ, ಒಂದು ಸಲ ಆಸ್ಪತ್ರೆಯಲ್ಲಿ, ಒಂದು ಸಲ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತನ್ನ ನೋವನ್ನು ಹೇಳಿದ ಮಗುವಿಗೆ, ಅಸೈನ್‌ಮೆಂಟಿಗಾಗಿ ನಾಲ್ಕನೇ ಸಲ ಹೇಳು ಎನ್ನುವವನಿಗೆ ಯಾರು ಕಲಿಸಿದರು? ಯಾರೂ ಕಲಿಸಲಿಲ್ಲ. ಅದೇ ಅಪರಾಧ.

ಈಗ ಸರ್ಕಾರದ ಪಾಲು.

ಔಷಧಿ ಅಂಗಡಿಯವನಿಗೆ 1948ರ ಕಾಯ್ದೆ. ವಕೀಲನಿಗೆ 1961ರ ಕಾಯ್ದೆ. ಹಸುವಿಗೆ ಸೂಜಿ ಚುಚ್ಚುವ ಡಾಕ್ಟರಿಗೆ 1984ರ ಪಶುವೈದ್ಯ ಪರಿಷತ್ ಕಾಯ್ದೆ. ನೋಂದಣಿ ಇಲ್ಲದೆ ಮುಟ್ಟುವ ಹಾಗಿಲ್ಲ, ತಪ್ಪು ಮಾಡಿದರೆ ಹೆಸರು ಹೊಡೆದು ಹಾಕುತ್ತಾರೆ. ಸರಿಯೇ. ಹಾಗಾದರೆ ಅನಾಥ ಮಗುವಿನ ಬದುಕಿಗೆ, ಬುದ್ಧಿ ಕದಡಿದವರ ಮನೆಗೆ, ಒಕ್ಕಲೆದ್ದ ಹಾಡಿಗೆ ಕೈಹಾಕುವವನಿಗೆ? ಇಡೀ ವೃತ್ತಿಗೆ ಅಂಥ ಪರಿಷತ್ತಿಲ್ಲ. 2021ರ ಸಹ ಆರೋಗ್ಯ ವೃತ್ತಿಗಳ ಕಾಯ್ದೆಯಲ್ಲಿ ಆಸ್ಪತ್ರೆಯ ಸಮಾಜಕಾರ್ಯಕರ್ತರನ್ನು ಮಾತ್ರ ಸೇರಿಸಿ ಕೈತೊಳೆದುಕೊಂಡರು. ಹಾಡಿಯಲ್ಲಿ, ಕೊಳೆಗೇರಿಯಲ್ಲಿ, ಆಶ್ರಮ ಶಾಲೆಯಲ್ಲಿ ದುಡಿಯುವವರಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಇಂಗ್ಲೆಂಡಿನಲ್ಲಿ 2005ರಿಂದ ನೋಂದಣಿ ಇಲ್ಲದವರು ಸಮಾಜಕಾರ್ಯಕರ್ತ ಎಂದು ಕರೆದುಕೊಂಡು ಜನರನ್ನು ನಂಬಿಸಿದರೆ ಅದು ಅಪರಾಧ. ಇಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸಿದವನೆಲ್ಲ ‘ಸಮಾಜ ಸೇವಕ’.

ಇನ್ನೊಂದು ಕೇಳಿ. 2015ರ ಬಾಲನ್ಯಾಯ ಕಾಯ್ದೆ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರಬೇಕು. ಒಳ್ಳೆಯದು. ಅವರ ಅರ್ಹತೆ? ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷದ ಕೆಲಸ, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ, ಕಾನೂನು ಇವುಗಳಲ್ಲಿ ಪದವಿ ಇರುವ ವೃತ್ತಿನಿರತರು. ಸಮಾಜಕಾರ್ಯದ ಪದವಿ? ಆ ಪಟ್ಟಿಯಲ್ಲಿ ಇಲ್ಲ! ಸಮಾಜಕಾರ್ಯಕರ್ತರ ಕುರ್ಚಿಗೆ ಸಮಾಜಕಾರ್ಯದ ಪದವಿಯೇ ಲೆಕ್ಕಕ್ಕಿಲ್ಲ. ಎರಡು ವರ್ಷ ಫೀಸು ಕಟ್ಟಿದ ಮಕ್ಕಳಿಗೆ ಇದನ್ನು ಹೇಳಿದ್ದೀರಾ?

ಮಾನಸಿಕ ಆರೋಗ್ಯದ ಕಥೆಯೂ ಅಷ್ಟೇ. 2017ರ ಕಾಯ್ದೆ ಪ್ರಕಾರ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಆಗಬೇಕಾದರೆ ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಎಂಫಿಲ್ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಅಂಥವರನ್ನು ತಯಾರು ಮಾಡುತ್ತಾ ಬಂದಿದೆ. 2020ರ ಶಿಕ್ಷಣ ನೀತಿ ಬಂತು, ಎಂಫಿಲ್ ಬೇಡ ಎಂದಿತು. ಯುಜಿಸಿ 2022ರಲ್ಲಿ ಎಂಫಿಲ್ ನಿಲ್ಲಿಸಿತು. ಕಾಯ್ದೆ ಕೇಳುವ ಪದವಿಯನ್ನು ನೀತಿ ಕೊಲ್ಲುತ್ತದೆ ಎಂಬುದು ಬರೆಯುವಾಗ ಯಾರಿಗೂ ಹೊಳೆಯಲಿಲ್ಲವೆ? ಗಲಾಟೆಯಾದ ಮೇಲೆ 2025-26ರ ಪ್ರವೇಶದವರೆಗೆ ಎಂದು ಗಡುವು ಎಳೆದರು. ದೇಶಕ್ಕೆ ಬೇಕಾದ ತರಬೇತಿಯನ್ನು ಗಡುವಿನ ಮೇಲೆ ಗಡುವು ಎಳೆದು ನಡೆಸುವುದೇ?

ಯುಜಿಸಿ ಈ ಶಿಕ್ಷಣದ ಬಗ್ಗೆ 1965ರಲ್ಲಿ ವರದಿ ತಂದಿತು. 1980ರಲ್ಲಿ ತಂದಿತು. 2001ರಲ್ಲಿ ಮಾದರಿ ಪಠ್ಯಕ್ರಮ ಕೊಟ್ಟಿತು. ಮೂರಕ್ಕೂ ಧೂಳು ಹಿಡಿದಿದೆ. ವರದಿಗೆ ಕೊರತೆ ಇಲ್ಲ. ನಾಚಿಕೆಗೆ ಕೊರತೆ.

ಕಲಿತು ಬಂದವರಿಗಾದರೂ ಕೆಲಸ ಕೊಟ್ಟಿರಾ? ಮಕ್ಕಳ ರಕ್ಷಣಾ ಘಟಕದಲ್ಲಿ ಗುತ್ತಿಗೆ. ಎಚ್ಐವಿ ಆಪ್ತ ಸಮಾಲೋಚಕರು ಗುತ್ತಿಗೆ. ಸಂಜೀವಿನಿ ಯೋಜನೆಯಲ್ಲಿ ಗುತ್ತಿಗೆ. ಮಾರ್ಚ್ ಬಂದರೆ ಎದೆ ಢವಢವ. ಐನೂರು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಬರೆದಿತು. ಅದೇ ಬಲದ ಮೇಲೆ ಎಂಎಸ್‌ಡಬ್ಲ್ಯೂ ಮಕ್ಕಳು ಎಚ್‌ಆರ್ ವಿಷಯಕ್ಕೆ ಮುಗಿಬಿದ್ದು ನಂಜನಗೂಡಿನ ಫ್ಯಾಕ್ಟರಿ ಗೇಟುಗಳಲ್ಲಿ ಸಾಲು ನಿಂತರು. ಅವರನ್ನು ದೂರಬೇಡಿ. ಕಾರ್ಖಾನೆಗೆ ಒಬ್ಬ ಬೇಕೆಂದ ಸರ್ಕಾರ ಆಶ್ರಮ ಶಾಲೆಗೆ ಒಬ್ಬ ಬೇಕೆಂದು ಯಾಕೆ ಬರೆಯಲಿಲ್ಲ? ಹಾಡಿಗಳ ಗುಂಪಿಗೊಬ್ಬರು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಬ್ಬರು ಯಾಕೆ ಬೇಡ? ಇವರ ಬದುಕು ಅಷ್ಟು ಅಗ್ಗವೇ?

ಎನ್‌ಜಿಒಗಳನ್ನೂ ಬಿಡುವುದಿಲ್ಲ. ವಿದ್ಯಾರ್ಥಿ ಬಂದರೆ ಪುಕ್ಕಟೆ ಆಳು ಬಂದ ಎಂದುಕೊಳ್ಳುವ ಸಂಸ್ಥೆಗಳಿವೆ. ವೋಚರ್ ಅಂಟಿಸು, ಡೇಟಾ ಎಂಟ್ರಿ ಮಾಡು, ದಾನಿಗಳು ಬಂದಾಗ ಕುರ್ಚಿ ಹಾಕು. ಕೊನೆಗೊಂದು ಸರ್ಟಿಫಿಕೇಟು. ನಾಚಿಕೆಯಾಗಬೇಡವೆ?

ಹಾಡಿಯಲ್ಲಿ ನಿಂತು ಕೆಲಸ ಮಾಡಲು ಆಗುವುದಿಲ್ಲ ಎಂದು ಸುಳ್ಳು ಹೇಳಬೇಡಿ. ಈ ನೆಲದಲ್ಲೇ ಆಗಿದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಏಳು ದಿನ ಇದ್ದು ಫೋಟೊ ಹೊಡೆಸಿಕೊಂಡು ಹೋಗಲಿಲ್ಲ. ಬ್ರಹ್ಮಗಿರಿಯಲ್ಲಿ, ಕೆಂಚನಹಳ್ಳಿಯಲ್ಲಿ ನಿಂತರು. ಸರಗೂರಿನಲ್ಲಿ ಆಸ್ಪತ್ರೆ ಎದ್ದಿತು, ಹೊಸಹಳ್ಳಿಯಲ್ಲಿ ಹಾಡಿ ಮಕ್ಕಳಿಗೆ ಶಾಲೆ ಎದ್ದಿತು. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಸಂಸ್ಥೆ ಕೋಟೆಯ ಹಳ್ಳಿಗಳಲ್ಲೂ ಹೆಂಗಸರ ಸಂಘ ಕಟ್ಟಿತು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಹೊತ್ತಿಗೆ ಅಂಥ ಸಂಘಗಳ ಅನುಭವವೇ ಅದಕ್ಕೆ ದಾರಿಯಾಗಿತ್ತು. ನಿಂತವರು ಕಲಿತರು. ಕಲಿತದ್ದು ದೇಶಕ್ಕೆ ದಕ್ಕಿತು. ಇಂಥ ಪಾಠಶಾಲೆ ಮನೆಬಾಗಿಲಲ್ಲಿ ಇರುವಾಗ ನಮ್ಮ ವಿಭಾಗಗಳು ಏನು ಮಾಡುತ್ತಿವೆ? ಬ್ಯಾನರ್ ಅಳತೆ ತೆಗೆಯುತ್ತಿವೆ.

ಓದುತ್ತಿರುವ ನೀವು ಸುಮ್ಮನೆ ತಲೆಯಾಡಿಸಬೇಡಿ. ನಿಮ್ಮ ಮಗಳು ಎಂಎಸ್‌ಡಬ್ಲ್ಯೂ ಓದುತ್ತಿದ್ದಾಳೆಯೇ? ಈ ವಾರ ಯಾವ ಮನೆಗೆ ಹೋಗಿದ್ದೆ ಎಂದು ಕೇಳಿದ್ದೀರಾ? ಅಂಕಪಟ್ಟಿ ಬಂದರೆ ಸಾಕು ಎಂದು ನಾವೂ ಸುಮ್ಮನಿದ್ದೆವು. ಹಾಡಿಯವರದು ಹಾಡಿಗೆ ಎಂದು ನಾವೂ ಸುಮ್ಮನಿದ್ದೆವು. ಬೇಲಿಯೇ ಎದ್ದು ಹೊಲ ಮೇಯುವಾಗ ಬದುವಿನ ಮೇಲೆ ಕೂತು ನೋಡಿದವರು ನಾವು. ನಮ್ಮ ಮೌನದಲ್ಲೇ ಅವರು ಸಹಿ ಹಾಕಿದರು.

ಸಾಕು. ನಮಗೆ ಬೇಕಾದದ್ದು ಇಷ್ಟು.

ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಕಾಯಂ ಮೇಲ್ವಿಚಾರಕರು, ಅವರಿಗೆ ಓಡಾಟದ ಖರ್ಚು. ಅದು ಇಲ್ಲದ ಕಾಲೇಜಿಗೆ ಸಂಯೋಜನೆ ಇಲ್ಲ. ಏಳು ದಿನದ ಜಾತ್ರೆ ಬೇಡ. ಒಂದೇ ಹಾಡಿಯಲ್ಲಿ ಎರಡು ವರ್ಷ, ಒಬ್ಬರು ಬಿಟ್ಟ ಕೆಲಸ ಮುಂದಿನವರು ಹಿಡಿಯಬೇಕು. ಬರೆದುಕೊಂಡದ್ದನ್ನು ಹಾಡಿಗೆ ತಂದು, ಹಾಡಿಯ ಮಾತಿನಲ್ಲಿ ಓದಿ ಹೇಳಿ, ಅವರು ಒಪ್ಪಿದ ಮೇಲೆ ಅಂಕ. ಮಕ್ಕಳ, ಹೆಂಗಸರ ಗುರುತು ಬಯಲು ಮಾಡಿದ ಪ್ರಬಂಧಗಳು ಕಪಾಟಿನಿಂದ ಕೆಳಗಿಳಿಯಬೇಕು. ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳಿಗೆ ಈ ಓದಿನಲ್ಲಿ ಸೀಟು, ಹಾಸ್ಟೆಲು, ಪೂರ್ತಿ ಶಿಷ್ಯವೇತನ. ಅವರ ಊರಿನ ಕೆಲಸಕ್ಕೆ ಅವರೇ ಮೊದಲ ಹಕ್ಕುದಾರರು. ಆಶ್ರಮ ಶಾಲೆಗಳಲ್ಲಿ ಕಾಯಂ ಸಮಾಜಕಾರ್ಯಕರ್ತರ ಹುದ್ದೆ. ವೃತ್ತಿಗೊಂದು ಪರಿಷತ್ತು, ನೋಂದಣಿ, ತಪ್ಪಿದರೆ ಶಿಕ್ಷೆ.

ಕೇಳಿದ ಮಾತ್ರಕ್ಕೆ ಕೊಡುವುದಿಲ್ಲ ಎಂಬುದು ಗೊತ್ತು. ಈ ಕಡೆಯ ಯಾವ ಹಕ್ಕೂ ಕೇಳಿದ ಮಾತ್ರಕ್ಕೆ ಬಂದಿಲ್ಲ. ನಾಗರಹೊಳೆಯ ಮೂರ್ಕಲ್‌ನಲ್ಲಿ ತಾಜ್ ರೆಸಾರ್ಟ್ ಏಳಲು ಹೊರಟಾಗ ಆದಿವಾಸಿಗಳು ಎದ್ದು ನಿಂತರು. 1997ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು. ಅಷ್ಟು ದೊಡ್ಡ ಕಂಪನಿಯನ್ನು ತಡೆದವರಿಗೆ ಒಂದು ಕಾಲೇಜಿನ ಆಡಳಿತ ಮಂಡಳಿಯನ್ನು ತಡೆಯಲು ಆಗುವುದಿಲ್ಲವೆ?

ಹಾಗಾಗಿ ಹಂಪಾಪುರದಿಂದ ಡಿ.ಬಿ. ಕುಪ್ಪೆಯವರೆಗೆ, ನಾಗಾಪುರದ ಪುನರ್ವಸತಿ ಕೇಂದ್ರದಿಂದ ಪಿರಿಯಾಪಟ್ಟಣದ ಕಾಡಂಚಿನವರೆಗೆ ಪ್ರತಿ ಗ್ರಾಮಸಭೆಯಲ್ಲಿ ನಿರ್ಣಯ ಬರೆಯಿರಿ. ಯಾವ ವಿಭಾಗ, ಯಾವ ಮೇಷ್ಟ್ರು, ಎಷ್ಟು ದಿನ, ಏನು ಕೆಲಸ, ಹೋಗುವಾಗ ಏನು ಬಿಟ್ಟು ಹೋಗುತ್ತೀರಿ? ಬರಹದಲ್ಲಿ ಕೊಡದವರಿಗೆ ಹಾಡಿಯೊಳಗೆ ಪ್ರವೇಶವಿಲ್ಲ. ಹಿಂದೆ ಬಂದು ಹೋದವರಿಂದ ಹಳೆಯ ಬಾಕಿ ಕೇಳಿ. ನಮ್ಮ ಹೆಸರು ಬರೆದುಕೊಂಡ ಪ್ರತಿ ಹಾಳೆಯನ್ನೂ ಕೇಳಿ.

ಕುಲಪತಿಗಳೇ, ಕುಲಸಚಿವರೇ, ವಿಭಾಗದ ಮುಖ್ಯಸ್ಥರೇ, ಆ ನಿರ್ಣಯ ಅಂಚೆಯಲ್ಲಿ ಬರುವವರೆಗೆ ಕ್ಯಾಂಪಸ್ಸಿನಲ್ಲಿ ಕಾದು ಕೂರಬೇಡಿ. ಇವತ್ತೇ ನಿಮ್ಮ ಕಾಲೇಜುಗಳ ಕ್ಷೇತ್ರಕಾರ್ಯದ ಕಡತ ತೆರೆಯಿರಿ. ಅದರಲ್ಲಿ ಸಹಿ ಬಿಟ್ಟು ಇನ್ನೇನಾದರೂ ಇದ್ದರೆ ಹಾಡಿಯವರ ಮುಂದೆ ತಂದು ತೋರಿಸಿ. ಇಲ್ಲದಿದ್ದರೆ ಆ ಪದವಿಯನ್ನು ಜನರ ಹೆಸರಿನಲ್ಲಿ ಮಾರುವುದು ನಿಲ್ಲಿಸಿ.